ಮಗ್ಗದ ಓಣಿಯಲ್ಲಿ ಹೆವಿ ಗಿಟಾರ್: ಎರಡು ಮೈಕ್, ಒಂದು ಡಿಐ

ನಮ್ಮ ಬ್ಯಾಂಡಿನ ಹಾಡುಗಳೆಲ್ಲ ಡ್ರಾಪ್ ಸಿ ಅನ್ನುವ, ತಂತಿಗಳ ಶ್ರುತಿ ಇಳಿಸಿದ ಟ್ಯೂನಿಂಗ್‌ನಲ್ಲಿವೆ. ಮಾಮೂಲಿ ಟ್ಯೂನಿಂಗ್‌ನಲ್ಲಿ ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 82 ಕಂಪನ) ನುಡಿಯುತ್ತದೆ. ನಮ್ಮದು 65ಕ್ಕೆ ಇಳಿದಿರುತ್ತದೆ. ಪ್ರಾಕ್ಟೀಸ್ ಮಾಡುವಾಗ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಎದುರು ನಿಂತರೆ ಆ ಸದ್ದು ಎದೆಗೇ ಬಂದು ಬಡಿಯುತ್ತದೆ. ಅದನ್ನೇ ಒಂದು ಮೈಕ್ ಇಟ್ಟು ರೆಕಾರ್ಡ್ ಮಾಡಿ ಕೇಳಿದರೆ ಭಾರವೆಲ್ಲ ಎಲ್ಲೋ ಹೋಗಿರುತ್ತದೆ. ಡಬ್ಬದೊಳಗೆ ಜೇನುಹುಳು ಕೂಡಿಹಾಕಿದ ಹಾಗೆ ಬರೀ ಗುಂಯ್ ಅನ್ನುತ್ತದೆ. ಹೆವಿ ಸಂಗೀತ ಮಾಡುವ ಯಾರನ್ನೇ ಕೇಳಿ, ಈ ಸಂಕಟ ಅವರಿಗೆ ಗೊತ್ತಿರುತ್ತದೆ.

ಈ ಸಲ ನಾಲ್ಕು ಕನ್ನಡ ಹಾಡುಗಳನ್ನು ನಾವೇ ರೆಕಾರ್ಡ್ ಮಾಡಬೇಕು ಅಂತ ಕೂತೆವು. ನಾನು ಬೇಸ್ ನುಡಿಸುತ್ತೇನೆ, ರೆಕಾರ್ಡಿಂಗ್ ಕೆಲಸವೂ ನನ್ನದೇ. ಗಿಟಾರಿಗೆ ಎರಡು ಮೈಕ್ ಮತ್ತು ಒಂದು ಡಿಐ ಸಿಗ್ನಲ್ ಸೇರಿಸುವ ದಾರಿ ಹಿಡಿದೆವು. ಡಿಐ ಅಂದರೆ ಆಂಪ್, ಸ್ಪೀಕರ್ ಯಾವುದನ್ನೂ ಮುಟ್ಟದೆ ಗಿಟಾರಿನ ಪಿಕಪ್‌ನಿಂದ (ತಂತಿಯ ಕಂಪನ ಹಿಡಿಯುವ ಭಾಗ) ನೇರವಾಗಿ ಕಂಪ್ಯೂಟರಿಗೆ ಬರುವ ಸಿಗ್ನಲ್. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ತಂತಿಗೆ ತಾಗಿದ ಕ್ಷಣ ಅದರಲ್ಲಿ ಸ್ಪಷ್ಟವಾಗಿರುತ್ತದೆ, ಆದರೆ ಮೈಕಟ್ಟು ಇರುವುದಿಲ್ಲ. ಮೈಕ್‌ನಲ್ಲಿ ಮೈಕಟ್ಟು ಇರುತ್ತದೆ. ಆದರೆ ಡಿಸ್ಟಾರ್ಷನ್, ಅಂದರೆ ಸದ್ದನ್ನು ಬೇಕಂತಲೇ ಒಡೆಯುವುದು, ಜಾಸ್ತಿಯಾದಷ್ಟೂ ಪಿಕ್‌ನ ಏಟು ಕರಗಿಹೋಗುತ್ತದೆ. ಎರಡನ್ನೂ ಸೇರಿಸಿದರೆ ಸರಿಹೋಗಬೇಕಲ್ವಾ? ಹಾಗಾಗುವುದಿಲ್ಲ. ಸುಮ್ನೆ ಸೇರಿಸಿದರೆ ಒಂದೇ ಮೈಕ್‌ಗಿಂತ ತೆಳ್ಳಗಾಗುತ್ತದೆ. ಈ ಕೆಲಸ ಮುಗಿಸಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದು: ಎಷ್ಟು ದುಬಾರಿ ಮೈಕ್ ಅನ್ನುವುದು ಆಮೇಲಿನ ಮಾತು. ಮೂರೂ ಸಿಗ್ನಲ್ ಒಂದೇ ಹೊತ್ತಿಗೆ ಬಂದು ಸೇರುತ್ತವಾ ಅನ್ನುವುದೇ ಗಿಟಾರಿನ ತೂಕವನ್ನು ತೀರ್ಮಾನಿಸುತ್ತದೆ.

ಜಾಗದ ಬಗ್ಗೆ ಮೊದಲು ಹೇಳಬೇಕು. ಬೆಂಗಳೂರು ಮೆಟಲ್ ಕೇಳುವವರ ಊರು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅಲ್ಲಿನ ಅರಮನೆ ಮೈದಾನಕ್ಕೆ ಬಂದು ನುಡಿಸಿ ಹೋಗಿದ್ದಾರೆ. ನಮ್ಮ ಬೆಳಗಾವಿಯದು ಹಿಂದುಸ್ತಾನಿ ಸಂಗೀತದ ಕಿವಿ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಹತ್ತಿರ. ತಂಬೂರಿ, ಹಾರ್ಮೋನಿಯಂ, ತಬಲಾಕ್ಕೆ ಮೈಕ್ ಇಡಲು ಬಲ್ಲವರು ಇಲ್ಲಿ ಸಿಗುತ್ತಾರೆ. 50 ವ್ಯಾಟ್‌ನ ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಜೋರಾಗಿಟ್ಟು ದಿನವಿಡೀ ಬಾರಿಸಲು ಜಾಗ ಕೊಡುವವರು ಸಿಗುವುದು ಕಷ್ಟ.

ನಮಗೆ ಜಾಗ ಸಿಕ್ಕಿದ್ದು ವಡಗಾವಿಯ ನಮ್ಮ ಮನೆಯ ಮಹಡಿಯಲ್ಲೇ. ವಡಗಾವಿ, ಶಹಾಪುರ ಅಂದರೆ ನೇಕಾರರ ಓಣಿಗಳು. ಪಕ್ಕದ ಗೋಡೆಯ ಆಚೆಗೇ ಪವರ್‌ಲೂಮ್. ಬೆಳಿಗ್ಗೆ ಶುರುವಾದರೆ ಖಟಕ್ ಖಟಕ್ ನಿಲ್ಲುವುದೇ ಇಲ್ಲ. ಇಂಥ ಕಡೆ ರೆಕಾರ್ಡಿಂಗ್ ಮಾಡುತ್ತೀರಾ ಅಂತ ಹುಬ್ಬಳ್ಳಿಯ ಗೆಳೆಯನೊಬ್ಬ ಆಶ್ಚರ್ಯಪಟ್ಟ. ಆದರೆ ಹೆವಿ ಗಿಟಾರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೈಕ್ ಸ್ಪೀಕರಿಗೆ ಒಂದಿಂಚು ದೂರದಲ್ಲಿರುತ್ತದೆ. ಆಂಪ್ ಜೋರಾಗಿರುವಾಗ ಅದಕ್ಕೆ ಮಗ್ಗದ ಸದ್ದು ಕೇಳುವುದೇ ಇಲ್ಲ. ಇನ್ನು ಓಣಿಯವರಿಗೆ ನಮ್ಮ ಸದ್ದು ಹೊಸದಲ್ಲ. ಮುಂಚೆ ಒಂದು ಮಾತು ಕೇಳಿಬಿಡೋಣ ಅಂತ ಮಗ್ಗದ ಕಾಕಾ ಹತ್ತಿರ ಹೋದಾಗ ಅವರು ಹೇಳಿದ್ದು ಇಷ್ಟೇ: "ನಿಮ್ಮ ಗಿಟಾರ್ ಸಪ್ಪಳ ನಮ್ಮ ಮಗ್ಗದ ಮುಂದ ಏನ್ ಕೇಳಸ್ತೈತಿ ತಮ್ಮಾ? ಹಗಲಾಗ ಎಷ್ಟ ಬೇಕಾದ್ರೂ ಬಾರಸ್ರಿ. ರಾತ್ರಿ ಅಷ್ಟ ಬ್ಯಾಡ."

ಮಗ್ಗದಿಂದ ತೊಂದರೆ ಬರುವುದು ನೆಲದಿಂದ. ಸ್ಲ್ಯಾಬ್ ನಡುಗುತ್ತದೆ, ಆ ನಡುಕ ಸ್ಟ್ಯಾಂಡ್ ಹತ್ತಿ ಮೈಕ್‌ಗೆ ಬರುತ್ತದೆ. ನಮ್ಮ ಗಿಟಾರಿಸ್ಟ್ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಮಷಿನ್ ಕೆಳಗೆ ಹಾಕುವ ದಪ್ಪ ರಬ್ಬರ್ ಪ್ಯಾಡ್ ಅಲ್ಲಿನ ಅಂಗಡಿಯಿಂದ ತಂದ. ಸ್ಪೀಕರ್ ಇರುವ ಕ್ಯಾಬಿನೆಟ್ ಕೆಳಗೂ ಅದೇ, ಮೈಕ್ ಸ್ಟ್ಯಾಂಡಿನ ಕಾಲಿಗೂ ಅದೇ. ನಡುಕ ಬಹುಪಾಲು ನಿಂತಿತು. ಕ್ಯಾಬಿನೆಟ್‌ನ ಬುಡದ ಗುಡುಗು ನೆಲಕ್ಕೆ ಇಳಿಯುವುದೂ ಕಡಿಮೆಯಾಯಿತು.

ಕರೆಂಟಿನದು ಬೇರೆಯೇ ಕತೆ. ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ನಮ್ಮ ಮನೆಯಲ್ಲಿ ಮೀಟರ್ ಇಟ್ಟು ನೋಡಿದರೆ ವೋಲ್ಟೇಜ್ 205ರವರೆಗೂ ಇಳಿಯುತ್ತಿತ್ತು. ವಾಲ್ವ್ ಆಂಪ್‌ಗೆ ಇದು ಸಣ್ಣ ವಿಷಯವಲ್ಲ. ಮೇನ್ಸ್ ಇಳಿದರೆ ಒಳಗಿನ ವೋಲ್ಟೇಜ್‌ಗಳೆಲ್ಲ ಇಳಿಯುತ್ತವೆ, ಬೇಸ್ ಮೆತ್ತಗಾಗುತ್ತದೆ. ಬೆಳಿಗ್ಗೆ ರೆಕಾರ್ಡ್ ಮಾಡಿದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು), ಮಧ್ಯಾಹ್ನ ಮಾಡಿದ ರಿಫ್ ಬೇರೆ ಬೇರೆ ಆಂಪಿನದು ಅನಿಸುತ್ತದೆ. ಹಾಗಾಗಿ ಒಳ್ಳೆಯ ಸ್ಟೆಬಿಲೈಸರ್ ಹಾಕಿದೆವು. ಮನೆಯ ಇನ್ವರ್ಟರ್ ಮೇಲೆ ಆಂಪ್ ಓಡಿಸಲೇ ಇಲ್ಲ, ಅದು ಸ್ಕ್ವೇರ್ ವೇವ್ ಇನ್ವರ್ಟರ್, ಬರೀ ಝೇಂಕಾರ ಕೊಡುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಹೊಸದಾಗಿ ಮಾಡಿಸಿದೆವು. ಹಮ್ (ಕರೆಂಟಿನ ಗುಂಯ್ ಸದ್ದು) ಬರುತ್ತದೆ ಅಂತ ಪ್ಲಗ್‌ನ ಅರ್ತ್ ಪಿನ್ ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೇ ಅಪಾಯ. ಆ ಕೆಲಸಕ್ಕೆ ಅಂತಲೇ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತದೆ.

ಮೊದಲ ಹಂತದಲ್ಲಿ ಮೈಕ್ ಹೊರಗೇ ತೆಗೆಯಲಿಲ್ಲ. ಗಿಟಾರಿಸ್ಟ್‌ನ ಶಿಫ್ಟ್ ಡ್ಯೂಟಿ ಮತ್ತು ಕರೆಂಟು, ಎರಡೂ ನಮ್ಮ ಕೈಯಲ್ಲಿಲ್ಲ. ಅದಕ್ಕೇ ಡಿಐ ಮಾತ್ರ ಮೊದಲು ರೆಕಾರ್ಡ್ ಮಾಡಿ, ಆಮೇಲೆ ಅದನ್ನೇ ಆಂಪ್‌ಗೆ ಕಳಿಸಿ ಮೈಕ್ ಮಾಡೋಣ ಅಂತ ನಿರ್ಧರಿಸಿದೆವು. ಇದಕ್ಕೆ ರೀಆಂಪಿಂಗ್ ಅನ್ನುತ್ತಾರೆ. ನುಡಿಸುವವನಿಗೆ ಹೆಡ್‌ಫೋನ್‌ನಲ್ಲಿ ಸಾಫ್ಟ್‌ವೇರ್ ಆಂಪ್‌ನ ಸದ್ದು ಕೊಟ್ಟರೆ ಸಾಕು, ಹುರುಪಿನಿಂದ ನುಡಿಸುತ್ತಾನೆ. ಒಳಗೆ ರೆಕಾರ್ಡ್ ಆಗುವುದು ಬರಿಯ ಡಿಐ.

ನಮ್ಮ ಗಿಟಾರಿನ ಪಿಕಪ್‌ಗಳಿಗೆ ಬ್ಯಾಟರಿ ಇಲ್ಲ, ಪ್ಯಾಸಿವ್. ಇಂಥವಕ್ಕೆ ಡಿಐ ಬಾಕ್ಸ್‌ನ ಇನ್‌ಪುಟ್ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 1 ಮೆಗಾಓಮ್ ಆಸುಪಾಸು ಇರಬೇಕು. ಕಡಿಮೆಯಾದರೆ ಪಿಕಪ್ ಮೇಲೆ ಹೊರೆ ಬಿದ್ದು ಮೇಲಿನ ಸ್ವರಗಳ ಹೊಳಪು ಹೋಗುತ್ತದೆ. ಆದ್ದರಿಂದ ಆಕ್ಟಿವ್ ಡಿಐ ಬಳಸಿದೆವು. ಅದು ಮೈಕ್ ಕೇಬಲ್‌ನಲ್ಲೇ ಬರುವ 48 ವೋಲ್ಟ್ ಫ್ಯಾಂಟಮ್ ಪವರ್ ಮೇಲೆ ನಡೆಯುತ್ತದೆ. ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್). ಜೋರಾಗಿ ಹೊಡೆದ ಏಟು ಮೈನಸ್ 10 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಗೇನ್ (ಸಿಗ್ನಲ್ ಎತ್ತುವ ಪ್ರಮಾಣ) ಇಟ್ಟೆವು. ಡಿಐ ಒಮ್ಮೆ ಕ್ಲಿಪ್ ಆದರೆ, ಅಂದರೆ ಮಿತಿ ಮೀರಿ ಅಲೆಯ ತುದಿ ಕತ್ತರಿಸಿದರೆ, ಆಮೇಲೆ ಯಾವ ಆಂಪೂ ಅದನ್ನು ಉಳಿಸುವುದಿಲ್ಲ.

ನುಡಿಸುವುದರ ಬಗ್ಗೆ ಡಿಐ ಬಹಳ ಕಟ್ಟುನಿಟ್ಟು. ಡಿಸ್ಟಾರ್ಷನ್ ಮುಚ್ಚಿಹಾಕುವ ಎಲ್ಲವೂ ಅಲ್ಲಿ ಬಯಲಾಗುತ್ತದೆ. ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಒತ್ತಿ ನುಡಿಸುವುದು) ಒಂದು ಬಿಗಿ, ಇನ್ನೊಂದು ಸಡಿಲ ಆದರೆ ತಕ್ಷಣ ಗೊತ್ತಾಗುತ್ತದೆ. ಇಷ್ಟು ಕೆಳಗಿನ ಟ್ಯೂನಿಂಗ್‌ನಲ್ಲಿ ತಂತಿಯನ್ನು ಜೋರಾಗಿ ಹೊಡೆದರೆ ಮೊದಲ ಕ್ಷಣ ಶ್ರುತಿ ಮೇಲಕ್ಕೆ ಏರಿಬಿಡುತ್ತದೆ. ಅದಕ್ಕೆ ದಪ್ಪ ತಂತಿ ಹಾಕಿದೆವು, ಪ್ರತಿ ಟೇಕ್‌ಗೂ ಮುಂಚೆ ಟ್ಯೂನ್ ಮಾಡಿದೆವು. ಅದೂ ನುಡಿಸುವಾಗ ಎಷ್ಟು ಜೋರಾಗಿ ಹೊಡೆಯುತ್ತಾನೋ ಅಷ್ಟೇ ಜೋರಾಗಿ ಹೊಡೆದು. ಎಡಕ್ಕೊಂದು, ಬಲಕ್ಕೊಂದು ಪೂರ್ತಿ ಬೇರೆ ಟೇಕ್. ಒಂದೇ ಟೇಕನ್ನು ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅಗಲ ಬರುವುದಿಲ್ಲ, ನಡುವೆಯೇ ಜೋರಾಗಿ ಕೇಳುತ್ತದೆ ಅಷ್ಟೇ. ಎರಡು ಸಲ ನುಡಿಸಿದಾಗ ಕೈಯಲ್ಲಿ ಬರುವ ಸಣ್ಣ ಸಣ್ಣ ವ್ಯತ್ಯಾಸದಿಂದಲೇ ಅಗಲ ಹುಟ್ಟುವುದು.

ಡಿಐ ಎಲ್ಲ ಮುಗಿದ ಮೇಲೆ ಆಂಪ್ ತೆಗೆದೆವು. ಕಂಪ್ಯೂಟರಿನಿಂದ ಹೊರಬರುವ ಸಿಗ್ನಲ್ ಲೈನ್ ಲೆವೆಲ್‌ನದು, ಗಿಟಾರಿಗಿಂತ ಬಹಳ ಜೋರು. ನಡುವೆ ರೀಆಂಪ್ ಬಾಕ್ಸ್ ಇಟ್ಟರೆ ಅದು ಸಿಗ್ನಲನ್ನು ಗಿಟಾರಿನ ಮಟ್ಟಕ್ಕೆ ಇಳಿಸಿ, ಇಂಪಿಡೆನ್ಸ್ ಕೂಡ ಗಿಟಾರಿನ ಹಾಗೆ ಮಾಡುತ್ತದೆ. ಮಟ್ಟ ಸರಿಯಿದೆಯಾ ಅಂತ ನೋಡಲು ಗಿಟಾರನ್ನೇ ಆಂಪ್‌ಗೆ ಹಾಕಿ ಒಂದು ರಿಫ್ ನುಡಿಸಿದೆವು, ಅದೇ ರಿಫ್‌ನ ಡಿಐಯನ್ನು ಬಾಕ್ಸ್ ಮೂಲಕ ಕಳಿಸಿದೆವು. ಎರಡೂ ಒಂದೇ ಹದದಲ್ಲಿ ಒಡೆಯುವವರೆಗೆ ಬಾಕ್ಸ್‌ನ ನಾಬ್ ತಿರುಗಿಸಿದೆವು. ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಭಾಗ) ನನ್ನ ರೂಮಿನಲ್ಲಿ, ಕ್ಯಾಬಿನೆಟ್ ಪಕ್ಕದ ರೂಮಿನಲ್ಲಿ. ನಡುವೆ ದಪ್ಪ ಸ್ಪೀಕರ್ ಕೇಬಲ್. ಅಲ್ಲಿ ಗಿಟಾರ್ ಕೇಬಲ್ ಹಾಕಬಾರದು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಆನ್ ಮಾಡಲೂಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಕ್ಯಾಬಿನೆಟ್‌ನಲ್ಲಿ ಸೆಲೆಸ್ಟಿಯನ್ ವಿಂಟೇಜ್ 30 ಸ್ಪೀಕರ್ ಎರಡು. ಒಂದೇ ಮಾಡೆಲ್ ಆದರೂ ಎರಡೂ ಒಂದೇ ತರಹ ಕೇಳುವುದಿಲ್ಲ. ಎರಡಕ್ಕೂ ಮೈಕ್ ಇಟ್ಟು ಕೇಳಿ, ಬಲಗಡೆಯದನ್ನು ಆರಿಸಿದೆವು. ಅದರಲ್ಲಿ ಮೇಲಿನ ಕರ್ಕಶ ಸ್ವಲ್ಪ ಕಡಿಮೆಯಿತ್ತು.

ಆಂಪ್‌ಗೆ ಮುಂಚೆ ಟ್ಯೂಬ್ ಸ್ಕ್ರೀಮರ್ ತರಹದ ಓವರ್‌ಡ್ರೈವ್ (ಹಗುರ ಡಿಸ್ಟಾರ್ಷನ್) ಪೆಡಲ್. ಡ್ರೈವ್ ಸೊನ್ನೆ ಹತ್ತಿರ, ಲೆವೆಲ್ ಜಾಸ್ತಿ. ಮೆಟಲ್ ನುಡಿಸುವ ಬಹಳ ಜನ ಇದನ್ನು ಹೀಗೆಯೇ ಬಳಸುತ್ತಾರೆ. ಸುಮಾರು 720 ಹರ್ಟ್ಸ್ ಕೆಳಗಿನದನ್ನು ಅದು ಮೇಲಿನಷ್ಟು ಎತ್ತುವುದಿಲ್ಲ. ಹಾಗಾಗಿ ಆಂಪ್‌ಗೆ ಕಡಿಮೆ ಬೇಸ್ ಹೋಗುತ್ತದೆ, ಡಿಸ್ಟಾರ್ಷನ್ ಬಿಗಿಯಾಗಿ ಬರುತ್ತದೆ. ಆಂಪ್‌ನ ಗೇನ್ ಇಳಿಸಿದಾಗ ಮಾತ್ರ ಗಿಟಾರಿಸ್ಟ್‌ಗೆ ಸಮಾಧಾನವಾಗಲಿಲ್ಲ. "ಲೇ, ಇಷ್ಟ ಕಡಿಮಿ ಗೇನ್ ಇಟ್ರ ಹೆವಿ ಹೆಂಗ ಬರ್ತೈತೊ?" ಅಂದ. ನಾನು ವಾದ ಮಾಡಲಿಲ್ಲ. ಜಾಸ್ತಿ ಗೇನ್‌ನಲ್ಲಿ ಎಡ-ಬಲ ಎರಡೂ ಟೇಕ್ ರೀಆಂಪ್ ಮಾಡಿದೆ, ಕಡಿಮೆ ಗೇನ್‌ನಲ್ಲೂ ಮಾಡಿದೆ. ಡ್ರಮ್ಸ್ ಜೊತೆ ಹಾಕಿ ಕೇಳಿಸಿದೆ. ಗೇನ್ ಜಾಸ್ತಿಯಾದಷ್ಟೂ ಏಟು ಚಪ್ಪಟೆಯಾಗುತ್ತದೆ. ಎರಡು ಟೇಕ್ ಸೇರಿದಾಗ ಆ ಒರಟುತನವೂ ಒಟ್ಟಾಗುತ್ತದೆ. ಅವನೇ ಬಂದು ನಾಬನ್ನು ಇನ್ನೂ ಸ್ವಲ್ಪ ಇಳಿಸಿದ.

ಮೊದಲ ಮೈಕ್ ಶ್ಯೂರ್ ಎಸ್‌ಎಂ57. 1965ರಿಂದ ಇರುವ ಮೈಕ್, ಗಟ್ಟಿ, ಬೆಲೆಯೂ ನಮ್ಮ ಕೈಗೆಟಕುತ್ತದೆ. 5-6 ಕಿಲೋಹರ್ಟ್ಸ್ ಸುತ್ತ ಅದು ಸ್ವಲ್ಪ ಎತ್ತಿ ಹಿಡಿಯುತ್ತದೆ, ಹಾಗಾಗಿ ಗಿಟಾರಿನ ಹರಿತ ಚೆನ್ನಾಗಿ ಬರುತ್ತದೆ. ಎಲ್ಲಿ ಇಡಬೇಕು ಅನ್ನುವುದು ಅರ್ಧ ಇಂಚಿನ ಲೆಕ್ಕ. ಟಾರ್ಚ್ ಹಿಡಿದು ಜಾಲರಿ ಬಟ್ಟೆಯ ಒಳಗೆ ಸ್ಪೀಕರಿನ ನಡುವಿನ ಡಸ್ಟ್ ಕ್ಯಾಪ್ ಎಲ್ಲಿದೆ ನೋಡಿದೆವು, ಅದರ ಅಂಚಿಗೆ ಟೇಪ್ ಹಚ್ಚಿದೆವು. ಕ್ಯಾಪ್‌ನ ನಟ್ಟನಡುವೆ ಸದ್ದು ಚುಚ್ಚುತ್ತದೆ. ಅಂಚಿನ ಕಡೆ ಸರಿದಂತೆ ಮೆತ್ತಗಾಗುತ್ತದೆ. ಸರಿಯಾದ ಜಾಗ ಹುಡುಕಲು ನನಗೆ ತುಂಬ ಇಷ್ಟವಾದ ಉಪಾಯ ಒಂದಿದೆ. ಗಿಟಾರ್ ನುಡಿಸದೆ ಆಂಪ್‌ನ ಹಿಸ್ ಮಾತ್ರ ಬರಲಿ. ಒಬ್ಬರು ಮೈಕ್ ನಿಧಾನವಾಗಿ ಸರಿಸಲಿ, ಇನ್ನೊಬ್ಬರು ಮುಚ್ಚಿದ ಹೆಡ್‌ಫೋನ್‌ನಲ್ಲಿ ಕೇಳಲಿ. ಮೈಕ್ ಸರಿದಂತೆ ಹಿಸ್‌ನ ಬಣ್ಣ ಬದಲಾಗುತ್ತದೆ. ತೀರಾ ಹರಿತ ಹೋಗಿ, ಇನ್ನೂ ಮಂಕಾಗಿಲ್ಲ ಅನ್ನುವ ಜಾಗ ಕಿವಿಗೇ ಸಿಗುತ್ತದೆ. ನಮಗೆ ಅದು ಕ್ಯಾಪ್ ಮತ್ತು ಕೋನ್ ಸೇರುವಲ್ಲಿ, ಬಟ್ಟೆಯಿಂದ ಒಂದಿಂಚು ದೂರದಲ್ಲಿ ಸಿಕ್ಕಿತು. ಮೈಕ್ ನೇರವಾಗಿ, ವಾಲಿಸದೆ.

ಎರಡನೆಯದು ರಿಬ್ಬನ್ ಮೈಕ್, ರಾಯರ್ ಆರ್-121. ಇದನ್ನು ಕೊಳ್ಳುವ ಶಕ್ತಿ ನಮಗಿಲ್ಲ, ಗೋವಾದಿಂದ ಬಾಡಿಗೆಗೆ ತಂದೆವು. ಒಳಗಿನ ಅಲ್ಯೂಮಿನಿಯಂ ಪಟ್ಟಿ ಬರೀ 2.5 ಮೈಕ್ರಾನ್ ದಪ್ಪ. ಅದರೊಳಗೆ ಊದಬಾರದು, ಫ್ಯಾನ್ ಗಾಳಿಗೆ ಇಡಬಾರದು. ಇಂಥ ಪ್ಯಾಸಿವ್ ರಿಬ್ಬನ್‌ಗಳಿಗೆ ಫ್ಯಾಂಟಮ್ ಪವರ್ ಕೂಡ ಆಗಿಬರುವುದಿಲ್ಲ, ಕೇಬಲ್‌ನಲ್ಲಿ ದೋಷವಿದ್ದರೆ ಪಟ್ಟಿ ಹಾಳಾಗಬಹುದು. ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ನಮ್ಮ ಇಂಟರ್‌ಫೇಸ್‌ನಲ್ಲಿ ಫ್ಯಾಂಟಮ್ ಸ್ವಿಚ್ ನಾಲ್ಕು ಚಾನೆಲ್‌ಗೂ ಸೇರಿ ಒಂದೇ. ಆಕ್ಟಿವ್ ಡಿಐಗೆ ಅದು ಬೇಕು, ರಿಬ್ಬನ್‌ಗೆ ಬೇಡ. ಡಿಐ ಮೊದಲೇ ಮುಗಿಸಿದ್ದರಿಂದ ಈ ಜಗಳವೇ ಬರಲಿಲ್ಲ. ಫ್ಯಾಂಟಮ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ರಿಬ್ಬನ್ ಜೋಡಿಸಿದೆವು. ರಿಬ್ಬನ್ ಸಿಗದಿದ್ದರೆ ಸೆನ್‌ಹೈಸರ್ ಎಂಡಿ 421 ಕೂಡ ಈ ಕೆಲಸಕ್ಕೆ ಚೆನ್ನಾಗಿದೆ.

ಆರ್-121 ಮುಂದಿನದನ್ನೂ ಕೇಳುತ್ತದೆ, ಹಿಂದಿನದನ್ನೂ ಅಷ್ಟೇ ಕೇಳುತ್ತದೆ. ಅದರ ಬೆನ್ನಿಗೆ ಖಾಲಿ ಗೋಡೆ ಇದ್ದರೆ ರೂಮಿನ ಸದ್ದು ಸೇರಿಬಿಡುತ್ತದೆ. ಆ ಗೋಡೆಗೆ ಅವ್ವ ಹೊಲಿದ ಕೌದಿಗಳನ್ನು ಎರಡು ಪದರ ಮಾಡಿ ತೂಗುಹಾಕಿದೆವು. ಹಳೇ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಮೇಲಿನ ಸದ್ದನ್ನು ಚೆನ್ನಾಗಿ ಹೀರುತ್ತದೆ. ಕೆಳಗಿನ ಗುಡುಗನ್ನು ಅದು ತಡೆಯುವುದಿಲ್ಲ. ಒಂದಿಂಚು ದೂರದ ಮೈಕ್‌ಗೆ ಅಷ್ಟು ಸಾಕು.

ಇನ್ನು ಹೊತ್ತಿನ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಒಂದು ಮೈಕ್ ಸ್ಪೀಕರಿಗೆ ಹತ್ತಿರ, ಇನ್ನೊಂದು ಬರೀ 5 ಸೆಂಟಿಮೀಟರ್ ಹಿಂದೆ ಅಂದುಕೊಳ್ಳಿ. ಹಿಂದಿನದಕ್ಕೆ ಸದ್ದು ಸುಮಾರು 0.15 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಇಷ್ಟೇನಾ ಅನಿಸಬಹುದು. ಆದರೆ 3,400 ಹರ್ಟ್ಸ್‌ನ ಅಲೆಗೆ ಅದು ಹೆಚ್ಚುಕಡಿಮೆ ಅರ್ಧ ಸುತ್ತು. ಒಂದು ಮೈಕ್‌ನಲ್ಲಿ ಅಲೆ ಮೇಲೆ ಹೋಗುವಾಗ ಇನ್ನೊಂದರಲ್ಲಿ ಕೆಳಗೆ ಬರುತ್ತದೆ. ಎರಡನ್ನೂ ಸಮನಾಗಿ ಸೇರಿಸಿದರೆ ಅಲ್ಲಿ ಸದ್ದೇ ಅಳಿದುಹೋಗುತ್ತದೆ. ಗಿಟಾರಿನ ಕಚ್ಚುವ ಗುಣ ಇರುವುದೇ ಆ ಭಾಗದಲ್ಲಿ. ದೂರ 17 ಸೆಂಟಿಮೀಟರ್ ಆದರೆ 1,000, 3,000, 5,000 ಹರ್ಟ್ಸ್ ಹೀಗೆ ಸಾಲಾಗಿ ಗುಂಡಿ ಬೀಳುತ್ತವೆ. ಎರಡು ಒಳ್ಳೆಯ ಮೈಕ್ ಸೇರಿ ಕೆಟ್ಟ ಸದ್ದು ಬರುವುದು ಹೀಗೆ. ಈಕ್ವಲೈಸರ್‌ನಲ್ಲಿ ಅದನ್ನು ತುಂಬಲು ಆಗುವುದಿಲ್ಲ, ಇಲ್ಲದ ಸದ್ದನ್ನು ಎತ್ತುವುದು ಹೇಗೆ?

ಕಣ್ಣಳತೆ ಇಲ್ಲಿ ಸಾಲದು. ಮೈಕ್‌ನ ಒಳಗೆ ಶಬ್ದ ಹಿಡಿಯುವ ಭಾಗ ಎಲ್ಲಿ ಕೂತಿದೆ ಅನ್ನುವುದು ಹೊರಗೆ ಕಾಣುವುದಿಲ್ಲ. ನಾವು ಮಾಡಿದ್ದು ಹೀಗೆ. 57 ಅಲುಗಾಡದ ಹಾಗೆ ನಿಲ್ಲಿಸಿದೆವು. ಎರಡೂ ಮೈಕ್‌ಗಳ ಮಟ್ಟ ಸಮ ಮಾಡಿದೆವು. ರಿಬ್ಬನ್‌ನ ಪೊಲಾರಿಟಿ ತಿರುಗಿಸಿದೆವು, ಅಂದರೆ ಅಲೆ ತಲೆಕೆಳಗು. ಈಗ ಎರಡೂ ಒಂದನ್ನೊಂದು ಅಳಿಸಬೇಕು. ಒಂದು ರಿಫನ್ನು ಲೂಪ್‌ನಲ್ಲಿ ಹಾಕಿ, ರಿಬ್ಬನ್ನನ್ನು ಹಿಂದೆ ಮುಂದೆ ಕೂದಲೆಳೆಯಷ್ಟೇ ಸರಿಸುತ್ತ ಹೋದೆವು. ನಮ್ಮ ಡ್ರಮ್ಮರ್ ಕಿವಿಗೆ ಪ್ಲಗ್ ಹಾಕಿಕೊಂಡು ಆ ರೂಮಿನಲ್ಲಿ ಕೂತು ಸ್ಟ್ಯಾಂಡ್ ಸರಿಸುತ್ತಿದ್ದ, ನಾನು ಇಲ್ಲಿಂದ ಕೇಳುತ್ತಿದ್ದೆ. ಒಂದು ಜಾಗಕ್ಕೆ ಬಂದಾಗ ಗಿಟಾರ್ ಹಠಾತ್ತನೆ ಸೊರಗಿ, ಫೋನಿನ ಸ್ಪೀಕರಿನಷ್ಟು ತೆಳ್ಳಗಾಯಿತು. ಅದೇ ನಮಗೆ ಬೇಕಿದ್ದ ಜಾಗ. ಅಲ್ಲೇ ಸ್ಟ್ಯಾಂಡ್ ಬಿಗಿ ಮಾಡಿ ಪೊಲಾರಿಟಿ ವಾಪಸ್ ತಿರುಗಿಸಿದೆ.

ಆ ಕ್ಷಣ ಬಂದ ಸದ್ದನ್ನು ನಾನು ಮರೆಯಲಾರೆ. ಒಂದು ನಾಬನ್ನೂ ಮುಟ್ಟದೆ ಗಿಟಾರ್ ಇಷ್ಟಗಲವಾಗಿ ಎದ್ದು ನಿಂತಿತು. ಗಿಟಾರಿಸ್ಟ್ ಕುರ್ಚಿಯಿಂದ ಎದ್ದು ಬಂದು ಸ್ಪೀಕರಿನ ಎದುರು ನಿಂತುಬಿಟ್ಟ.

ಡಿಐ ಹೊಂದಿಸುವುದು ಇದಕ್ಕಿಂತ ಸೂಕ್ಷ್ಮ. ಅದಕ್ಕೆ ಗಾಳಿಯ ದೂರವೇ ಇಲ್ಲ, ಆದ್ದರಿಂದ ಯಾವಾಗಲೂ ಮೈಕ್‌ಗಿಂತ ಮುಂಚೆ ಬರುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಅಂದರೆ ಶಬ್ದ ಸುಮಾರು 7 ಮಿಲಿಮೀಟರ್ ಹೋಗುವ ಹೊತ್ತು. ಒಂದಿಂಚು ದೂರದ ಮೈಕ್‌ಗೆ ಮೂರ್ನಾಲ್ಕು ಸ್ಯಾಂಪಲ್ ತಡ ಅಷ್ಟೇ. ಆದರೆ ರೀಆಂಪ್ ಮಾಡಿದಾಗ ಸಿಗ್ನಲ್ ಕಂಪ್ಯೂಟರಿನಿಂದ ಹೊರಗೆ ಹೋಗಿ ವಾಪಸ್ ಬರುವ ಹೊತ್ತೂ ಸೇರುತ್ತದೆ. ಸಾಫ್ಟ್‌ವೇರ್ ಅದನ್ನು ತಾನೇ ಸರಿಪಡಿಸಿದರೂ ಒಂದಷ್ಟು ಸ್ಯಾಂಪಲ್ ಉಳಿಯಬಹುದು. ಅದಕ್ಕೆ ಪ್ರತಿ ಡಿಐ ಟ್ರ್ಯಾಕ್‌ನ ಮುಂಚೆ, ಹಾಡು ಶುರುವಾಗುವ ಮೊದಲು, ಒಂದು ಚಿಕ್ಕ ಕ್ಲಿಕ್ ಹಾಕಿದೆ. ಅದೂ ಆಂಪ್ ಮೂಲಕ ಹೋಗಿ ಮೈಕ್ ಟ್ರ್ಯಾಕ್‌ನಲ್ಲಿ ದಾಖಲಾಗುತ್ತದೆ. ಆಮೇಲೆ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಎಷ್ಟು ಸ್ಯಾಂಪಲ್ ತಡ ಅಂತ ಕಣ್ಣಿಗೇ ಕಾಣುತ್ತದೆ. ಡಿಐ ಅಷ್ಟೇ ತಡವಾಗಿ ಬರುವ ಹಾಗೆ ಸರಿಸಿದರಾಯಿತು. ನಮ್ಮ ಕ್ಲಿಕ್ ಡಿಐನಲ್ಲಿ ಮೇಲ್ಮುಖ, ಮೈಕ್‌ನಲ್ಲಿ ಕೆಳಮುಖ ಇತ್ತು. ಆಂಪ್‌ನ ಹಂತಗಳಲ್ಲಿ ಎಲ್ಲೋ ಪೊಲಾರಿಟಿ ತಿರುಗಿತ್ತು. ಇದು ಮಾಮೂಲಿ. ಡಿಐನ ಪೊಲಾರಿಟಿ ತಿರುಗಿಸಿ ಹೊಂದಿಸಿದೆ.

ಹೀಗೆ ಮಾಡಿದರೂ ಎಲ್ಲ ಸ್ವರವೂ ಒಟ್ಟಿಗೆ ಬರುವುದಿಲ್ಲ. ಆಂಪ್‌ನ ಟೋನ್ ನಾಬ್‌ಗಳು, ಸ್ಪೀಕರ್, ಪೆಡಲ್ ಪ್ರತಿಯೊಂದೂ ಬೇರೆ ಬೇರೆ ಫ್ರೀಕ್ವೆನ್ಸಿಯನ್ನು ಬೇರೆ ಬೇರೆಯಷ್ಟು ಸರಿಸುತ್ತವೆ. ಕ್ಲಿಕ್ ಸರಿಹೊಂದಿದರೂ ಕೆಳಗಿನ ಸ್ವರಗಳು ಗುದ್ದಾಡುತ್ತಲೇ ಇರುತ್ತವೆ. ಇದಕ್ಕೆ ನಾವು ಕಂಡುಕೊಂಡ ದಾರಿ, ಡಿಐಗೆ ಕೆಳಗಿನ ಕೆಲಸ ಕೊಡದೇ ಇರುವುದು. 800 ಹರ್ಟ್ಸ್ ಕೆಳಗಿನದನ್ನು ಡಿಐನಿಂದ ಕತ್ತರಿಸಿದೆ, 4 ಕಿಲೋಹರ್ಟ್ಸ್ ಮೇಲಿನದನ್ನೂ ಕತ್ತರಿಸಿದೆ. ಉಳಿದದ್ದು ಪಿಕ್‌ನ ಏಟು ಮತ್ತು ಕಾರ್ಡ್‌ನ ಒಳಗಿನ ಒಂದೊಂದು ಸ್ವರದ ಗುರುತು. ಅದಕ್ಕೆ ಜೋರು-ಮೆಲ್ಲಗೆ ಅಂತರ ತಗ್ಗಿಸುವ ಕಂಪ್ರೆಸರ್ ಹಾಕಿ, ಸಾಫ್ಟ್‌ವೇರ್‌ನಲ್ಲಿ ಚೂರೇ ಚೂರು ಓವರ್‌ಡ್ರೈವ್ ಕೊಟ್ಟು, ಮೈಕ್‌ಗಳಿಗಿಂತ 15ರಿಂದ 18 ಡೆಸಿಬೆಲ್ ಕೆಳಗೆ ಇಟ್ಟೆ. ಅದೊಂದನ್ನೇ ಕೇಳಿದರೆ ಏನೂ ಅನಿಸುವುದಿಲ್ಲ. ಮ್ಯೂಟ್ ಮಾಡಿದರೆ ರಿಫ್‌ನ ಮುಖವೇ ಮಸುಕಾಗುತ್ತದೆ.

ಡಿಐಯಿಂದ ಇನ್ನೊಂದು ದೊಡ್ಡ ಉಪಕಾರವಾಯಿತು. ಹೆವಿ ರಿಫ್‌ಗಳ ನಡುವಿನ ಮೌನ ಕತ್ತರಿಸಿದ ಹಾಗೆ ಇರಬೇಕು, ಅದಕ್ಕೆ ಮೆಲ್ಲನೆಯ ಸದ್ದನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಬೇಕು. ಆದರೆ ಡಿಸ್ಟಾರ್ಷನ್ ಆದ ಸದ್ದಿನಲ್ಲಿ ಜೋರು ಮೆಲ್ಲಗೆ ವ್ಯತ್ಯಾಸ ಕಡಿಮೆ. ಗೇಟ್‌ಗೆ ಯಾವಾಗ ಮುಚ್ಚಬೇಕು ಅಂತಲೇ ತಿಳಿಯುವುದಿಲ್ಲ, ಉದ್ದ ಸ್ವರಗಳ ಬಾಲ ಕತ್ತರಿಸುತ್ತದೆ. ಡಿಐನಲ್ಲಿ ಆ ವ್ಯತ್ಯಾಸ ಸ್ಪಷ್ಟ. ಮೈಕ್ ಟ್ರ್ಯಾಕ್ ಮೇಲಿನ ಗೇಟ್‌ಗೆ ಡಿಐಯನ್ನು ಸೈಡ್‌ಚೈನ್ ಮಾಡಿದೆವು. ಡಿಐ ಹೇಳಿದಾಗ ತೆರೆಯುತ್ತದೆ, ಹೇಳಿದಾಗ ಮುಚ್ಚುತ್ತದೆ. ಹೆವಿ ಗಿಟಾರ್ ರೆಕಾರ್ಡ್ ಮಾಡುವವರು ಡಿಐ ಬ್ಲೆಂಡ್ ಮಾಡದಿದ್ದರೂ ಪರವಾಗಿಲ್ಲ, ಇದಕ್ಕಾದರೂ ಒಂದು ಡಿಐ ಟ್ರ್ಯಾಕ್ ಇಟ್ಟುಕೊಳ್ಳಲೇಬೇಕು.

57 ಮತ್ತು ರಿಬ್ಬನ್ ಎಷ್ಟೆಷ್ಟು ಅನ್ನುವುದನ್ನು ಗಿಟಾರ್ ಒಂದನ್ನೇ ಕೇಳಿ ತೀರ್ಮಾನಿಸಲಿಲ್ಲ. ಗಿಟಾರ್ ಒಂದನ್ನೇ ಕೇಳಿದರೆ ಎಲ್ಲರಿಗೂ ರಿಬ್ಬನ್ ಜಾಸ್ತಿ ಇರಲಿ ಅನಿಸುತ್ತದೆ, ಅದು ಅಷ್ಟು ದುಂಡಗಿರುತ್ತದೆ. ನನ್ನ ಬೇಸ್ ಮತ್ತು ಕಿಕ್ ಡ್ರಮ್ ಸೇರಿದ ಕೂಡಲೇ 100ರಿಂದ 250 ಹರ್ಟ್ಸ್ ನಡುವೆ ನೂಕುನುಗ್ಗಲಾಗುತ್ತದೆ. ಪಾಮ್ ಮ್ಯೂಟ್ ಮಾಡಿದಾಗಲಂತೂ ಅಲ್ಲಿ ಗುಡ್ ಗುಡ್ ಅಂತ ಊದಿಕೊಳ್ಳುತ್ತದೆ. ಕೊನೆಗೆ 57 ಮುಂದೆ, ರಿಬ್ಬನ್ ಅದಕ್ಕಿಂತ 4 ಡೆಸಿಬೆಲ್ ಹಿಂದೆ. ಗಿಟಾರಿನ 90 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದೆ. 65 ಹರ್ಟ್ಸ್‌ನ ತಂತಿ ನುಡಿಸಿ 90ರ ಕೆಳಗೆ ಕತ್ತರಿಸುವುದು ವಿಚಿತ್ರ ಅನಿಸಬಹುದು. ಆದರೆ ಆ ಆಳ ಹಾಡಿನಲ್ಲಿ ಬೇಸ್ ಗಿಟಾರಿನಿಂದ ಬರುತ್ತದೆ. ಗಿಟಾರ್ ಮತ್ತು ಬೇಸ್ ಒಂದೇ ರಿಫ್ ಒಟ್ಟಿಗೆ ನುಡಿಸಿದಾಗ ಕಿವಿ ಅವೆರಡನ್ನೂ ಒಂದೇ ದೊಡ್ಡ ಗಿಟಾರ್ ಅಂತ ಕೇಳುತ್ತದೆ. ಬೇಸ್‌ಗೂ ನಾನು ಹೀಗೆಯೇ ಹಂಚಿದೆ, ತಿರುಗಾಮುರುಗಾ ಮಾಡಿ. 200 ಹರ್ಟ್ಸ್ ಕೆಳಗಿನದು ಶುದ್ಧ ಡಿಐ, ಅದರ ಮೇಲಿನದು ಡಿಸ್ಟಾರ್ಷನ್ ಆದ ಆಂಪ್.

ಆಮೇಲೆ ಎಡ-ಬಲ ಎಲ್ಲವನ್ನೂ ಒಂದೇ ಆಗಿ ಸೇರಿಸಿ, ಅಂದರೆ ಮೊನೊ ಮಾಡಿ ಕೇಳಿದೆವು. ಅಲೆಗಳು ಒಂದನ್ನೊಂದು ಅಳಿಸುವ ಫೇಸ್ ತೊಂದರೆ ಏನಾದರೂ ಉಳಿದಿದ್ದರೆ ಅಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ನಮ್ಮ ಹಾಡು ಕೇಳುವ ಹುಡುಗರಲ್ಲಿ ಎಷ್ಟೋ ಜನ ಫೋನಿನ ಸ್ಪೀಕರಿನಲ್ಲೇ ಕೇಳುತ್ತಾರೆ. ಅಲ್ಲಿ ಗಿಟಾರ್ ಮಾಯವಾದರೆ ಇಷ್ಟೆಲ್ಲ ಮಾಡಿ ಏನು ಪ್ರಯೋಜನ? ಮಾಯವಾಗಲಿಲ್ಲ. ಡ್ರಮ್ಮರ್ ತನ್ನ ಹಳೇ ಫೋನಿನಲ್ಲಿ ಹಾಕಿ, ಮಗ್ಗ ಓಡುತ್ತಿರುವಾಗಲೇ ಬಾಗಿಲಲ್ಲಿ ನಿಂತು ಕೇಳಿದ. ರಿಫ್ ಗುರುತು ಸಿಗುತ್ತಿತ್ತು.

ಮೂರು ಹಾಡಿಗೆ ಇದೇ ಹದ ಕೂತಿತು. ನಾಲ್ಕನೆಯದು ನಿಧಾನದ ಹಾಡು. ಒಂದು ಕಾರ್ಡ್ ಹೊಡೆದರೆ ಅದು ನಾಲ್ಕು ಬೀಟ್ ಹರಡಿಕೊಂಡೇ ಇರಬೇಕು. ಅಲ್ಲಿ ಡಿಐ ಸೇರಿಸಿದಾಗ ಪ್ರತಿ ಕಾರ್ಡ್‌ನ ಮುಂದೆ ಟಕ್ ಅಂತ ಒಂದು ಏಟು ಕೇಳಿ, ಹರಡುವ ಗುಣ ಕೆಡುತ್ತಿತ್ತು. ಡಿಐ ಪೂರ್ತಿ ತೆಗೆದೆ, ರಿಬ್ಬನ್‌ನ ಮಟ್ಟ ಏರಿಸಿದೆ, 57ರದ್ದು ಇಳಿಸಿದೆ. ಅದೇ ಆಂಪ್, ಅದೇ ಮೈಕ್‌ಗಳು, ಮೈಕ್ ಅಲುಗಾಡಿಸಲೂ ಇಲ್ಲ. ಬೇರೆಯೇ ಗಿಟಾರ್ ಅನಿಸಿತು.

ರಿಬ್ಬನ್ ಗೋವಾಕ್ಕೆ ವಾಪಸ್ ಕಳಿಸುವ ಮುಂಚೆ ಮೈಕ್‌ಗಳು ನಿಂತಿದ್ದ ಜಾಗದ ಫೋಟೋ ತೆಗೆದೆವು, ಸ್ಟ್ಯಾಂಡ್‌ಗಳ ಎತ್ತರ, ಬಟ್ಟೆಯಿಂದ ದೂರ ಅಳೆದು ಬರೆದಿಟ್ಟೆವು. ಆಂಪ್, ಪೆಡಲ್, ರೀಆಂಪ್ ಬಾಕ್ಸ್‌ನ ನಾಬ್‌ಗಳ ಫೋಟೋ ಕೂಡ. ಎಡ-ಬಲದ ಡಿಐ ಫೈಲ್‌ಗಳು ಕ್ಲಿಕ್ ಸಮೇತ ಎರಡು ಹಾರ್ಡ್ ಡಿಸ್ಕ್‌ನಲ್ಲಿವೆ. ಮೊದಲ ಹಾಡಿನ ಸೋಲೋ ಇನ್ನೂ ಬಾಕಿ ಇದೆ, ಅದಕ್ಕೆ 57 ಒಂದೇ ಸಾಕು ಅನ್ನುತ್ತಾನೆ ಗಿಟಾರಿಸ್ಟ್. ಅವನಿಗೆ ಹಗಲು ರಜೆ ಸಿಕ್ಕ ದಿನ ಕೂರುತ್ತೇವೆ.